ಚಕ್ಕುಬಂದಿ

ನಮ್ಮ ಸಂಘಕ್ಕೆ ಬೋರ್ಡಿಲ್ಲ, ಬೀಗವಿಲ್ಲ.
ಖಲಂದರ್ ಸಾಬರ ನೂಲು ಬಿಚ್ಚುವ ಶೆಡ್ಡಿನ ಹಿಂದೆ
ಒಂದು ಟ್ರಂಕು, ಎರಡು ಬೆಂಚು,
ಅರಿವೆಗೆ ಹತ್ತಿಕೊಂಡು ಮನೆತನಕ ಬರುವ
ಬೆಂದ ಗೂಡಿನ ವಾಸನೆ.
ಭಾನುವಾರ ಆರು ಗಂಟೆಗೇ ಸೇರುತ್ತೇವೆ,
ಶಿಡ್ಲಘಟ್ಟದಲ್ಲಿ ಮುಚ್ಚಿಹೋದ ಬಾವಿಗಳ ಲೆಕ್ಕ ಹಿಡಿಯಲು.

ಟೇಪು ಸಾಬರದು. ಮಾತು ವರಲಕ್ಷ್ಮಿ ಟೀಚರದು.
ಫೋಟೊ ತೆಗೆಯುವವಳು ಪಿಯುಸಿ ಹಾಜಿರಾ.
ಬರೆಯುವವನು ನಾನು,
ಸಬ್‌ರಿಜಿಸ್ಟ್ರಾರ್ ಕಛೇರಿಯ ಹೊಂಗೆ ಮರದಡಿ
ಮೂವತ್ತೊಂದು ವರ್ಷ ಪತ್ರ ಬರೆದ ಕೈ.
ಅಣ್ಣತಮ್ಮಂದಿರನ್ನು ಅಂಗುಲಂಗುಲ ಭಾಗ ಮಾಡಿದ ಕೈ.

ರಿಜಿಸ್ಟರಿಗೆ ಗೆರೆ ಹೊಡೆದವನೂ ನಾನೇ.
ಹೆಸರು, ಆಳ, ಸುತ್ತಳತೆ, ಮೆಟ್ಟಿಲು,
ಕಟ್ಟಿಸಿದವರು, ಮುಚ್ಚಿದ ವರ್ಷ, ಷರಾ.

ಒಂದರ ಮೇಲೆ ಮೊಬೈಲು ರಿಪೇರಿ ಅಂಗಡಿ.
ಇನ್ನೊಂದು, ಹೇಳಬಾರದು, ಲಾಡ್ಜಿನ ಪಾಯಿಖಾನೆ ಗುಂಡಿ.
ಮತ್ತೊಂದರ ರಾಟೆ
ಬಿರಿಯಾನಿ ಹೋಟೆಲಿನ ಗೋಡೆಗೆ ಅಲಂಕಾರ.
ಒಂದೇ ಬಾವಿಗೆ ಮೂವರು ಮುದುಕರು
ಮೂರು ಹೆಸರು ಹೇಳಿ ಮೈಮೇಲೆ ಬಂದವರಂತೆ ಜಗಳಾಡಿದರು,
ಮೂರನ್ನೂ ಬರೆದುಕೊಂಡೆ.
ಹೀಗೆ ನಲವತ್ತೆರಡು.

ನಲವತ್ತಮೂರನೆಯದು ಗಾಣದ ಬೀದಿಯದು.
ಈಗ ಒಂದು ದುಂಡು ಸಿಮೆಂಟು ಚಪ್ಪಡಿ,
ಅದರ ಮೇಲೆ ಒಣಗಲು ಒರಗಿಸಿದ ಚಂದ್ರಿಕೆ.
ಐವತ್ತೆರಡು ಅಡಿ ಆಳ, ಹದಿನೆಂಟು ಮೆಟ್ಟಿಲು
ಎಂದು ಬರೆಯುತ್ತಿದ್ದೆ.
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ರೇಖೆ ಅಳಿಸಿಹೋದ ಬೆರಳುಗಳ ಮುದುಕಿ
ಕೆಲಸಕ್ಕೆ ಹೋಗುತ್ತಿದ್ದವಳು ನಿಂತಳು.
'ಏನ್ ಸ್ವಾಮಿ ಬರ್ಕೊಂತೀರಾ?'
ಟೀಚರು ಓದಿ ಹೇಳಿದರು. ನೀರು ಹೇಗಿತ್ತಮ್ಮ, ಸಿಹಿಯಾ?

'ನೀರು ಸಿಹೀನೇ.
ಆಳ ನಂಗೆ ಗೊತ್ತಿಲ್ಲ,
ನಾವು ಬಗ್ಗಿ ನೋಡ್ದೋರಲ್ಲ.
ಯಾರಾನ ಪುಣ್ಯಾತ್ಮರು ಸೇದಿ ಹುಯ್ಯೋಗಂಟ
ನಿಂತ್ಕೊಂತಿದ್ವಿ. ಇಲ್ಲಲ್ಲ,
ಅಲ್ಲಿ.'

ನಡೆದಳು. ಕೆಳಗೆ ನೋಡಲಿಲ್ಲ.
ಕಾಲಿಗೇ ಗೊತ್ತಿತ್ತು. ಟ್ರಾನ್ಸ್‌ಫಾರ್ಮರಿನ ಪಕ್ಕ ನಿಂತು
ತಿರುಗಿದಳು.
'ಇದ್ನ ಬರ್ಕೊಂಡ್ರಾ?'

ಬರೆದುಕೊಳ್ಳಲು ಕಾಲಮ್ಮು ಇರಲಿಲ್ಲ.
ಆ ಬಾವಿಯಿಂದ ಎರಡನೇ ಮನೆ ನನ್ನ ಅಜ್ಜಿಯದು.
ಅವಳ ಹಗ್ಗ ನೆನಪಿದೆ, ಅದರ ಸಿಂಬೆ,
ರಾಟೆ ಕಿರ್ರೆಂದದ್ದು, ಕಟ್ಟೆಯ ಮೇಲಿನ ಪಾಚಿ,
ತಂಬಿಗೆ ಬಿದ್ದು ಒಂದು ವಾರ ಅತ್ತದ್ದು.
ಆ ಕಡೆ ನಿಂತವರ ಮುಖ
ಒಂದೂ ಇಲ್ಲ.

ಸಾಬರು ಏನೂ ಅನ್ನದೆ ಟೇಪು ಬಿಚ್ಚಿದರು.
ಒಂದು ತುದಿ ಚಪ್ಪಡಿ ಅಂಚಿಗೆ, ಹಾಜಿರಾಳ ಕೈಲಿ,
ಇನ್ನೊಂದು ಮುದುಕಿಯ ಹೆಬ್ಬೆರಳ ಬಳಿ.
ಇಪ್ಪತ್ತಮೂರು ಅಡಿ, ನಾಲ್ಕು ಇಂಚು.
'ಬ್ಯಾಸ್ಗೇಲಿ ಇನ್ನೂ ಹಿಂದ್ಕೆ,' ಅಂದಳು,
'ನೀರು ಕಮ್ಮಿ ಆದಂಗೆಲ್ಲ ನಾವು ದೂರ.'
ಮತ್ತೆ ಅಳೆದರು. ಮೂವತ್ತೊಂದು.

ಹೊಸ ಹಾಳೆ ತೆಗೆದೆ.
ನನಗೆ ಬರುವುದು ಒಂದೇ ಭಾಷೆ, ಅದರಲ್ಲೇ ಬರೆದೆ:
ಪೂರ್ವಕ್ಕೆ, ಬಾವಿ.
ಪಶ್ಚಿಮಕ್ಕೆ, ಚರಂಡಿ.
ಉತ್ತರಕ್ಕೆ, ಬರೆದವನ ಅಜ್ಜಿಯ ಮನೆಯ ಗೋಡೆ.
ದಕ್ಷಿಣಕ್ಕೆ, ಎಷ್ಟೋ ಸಲ ಖಾಲಿ ಬಿಂದಿಗೆ ಹಿಂದಿರುಗಿದ ದಾರಿ.
ಈ ಮಧ್ಯೆ ಇರುವ ಸ್ವತ್ತು
ನಿಂತವರದು.

ಸಾಕ್ಷಿ ಎಂದು ಬರೆದು ಇಂಕಿನ ಪ್ಯಾಡು ಹುಡುಕಿದೆ, ಹಳೆ ಚಾಳಿ.
'ಸೈನು ಬರ್ತದೆ,' ಅಂದಳು ತುಸು ಗಡುಸಾಗಿ.
ಸವೆದ ಬೆರಳಲ್ಲಿ ಪೆನ್ನು ಜಾರುತ್ತಿತ್ತು.
ಗಂ. ಗು. ಲ.
ಕೊನೆಯ ಮ್ಮ ಗೆರೆ ದಾಟಿ ಕೆಳಗಿಳಿಯಿತು.
ಶಿಫ್ಟಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು.

ಹಿಂದಿನ ನಲವತ್ತೆರಡಕ್ಕೂ
ಮತ್ತೆ ಹೋಗಬೇಕಲ್ಲ, ಅಂದರು ಟೀಚರು.
ಟೇಪು ಸುತ್ತುತ್ತಿದ್ದ ಸಾಬರು
ಅರ್ಧಕ್ಕೇ ನಿಲ್ಲಿಸಿದರು.